ಕಬ್ಬಿಣಕ್ಕೆ ಹಳಿ, ಮನುಷ್ಯನಿಗೆ ಹೆಗಲು

ಮಂಗಳೂರಿನ ಪಣಂಬೂರಿಗೆ ವಿದೇಶದ ವಿಹಾರ ಹಡಗು ಬಂತೆಂದರೆ ಮರುದಿನದ ಪತ್ರಿಕೆಗಳಲ್ಲಿ ಅದರ ಚಿತ್ರ ಬರುವುದು ಖಂಡಿತ. ಚಂಡೆಯ ಸದ್ದು, ಯಕ್ಷಗಾನದ ವೇಷ, ಕೊರಳಿಗೆ ಹಾರ. ಇಳಿದ ಪ್ರವಾಸಿಗಳಿಗಾಗಿ ಬಂದರಿನ ಒಳಗೇ ಬಸ್ಸು, ಟ್ಯಾಕ್ಸಿಗಳು ಸಾಲುಗಟ್ಟಿ ನಿಂತಿರುತ್ತವೆ. ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ದೇವಸ್ಥಾನ ಎಲ್ಲವನ್ನೂ ನೋಡಿಕೊಂಡು ಸಂಜೆಯೊಳಗೆ ಅವರು ಹಡಗಿಗೆ ಮರಳುತ್ತಾರೆ. ಮನೆಗೆ ಬಂದವರಿಗೆ ಮರ್ಯಾದೆ ಮಾಡುವುದು ನಮ್ಮ ನಾಡಿನ ಗುಣ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಒಂದು ಪ್ರಶ್ನೆಯಿದೆ. ಅದೇ ಬಂದರಿಗೆ ನಮ್ಮವನೊಬ್ಬ ರೈಲಿನಿಂದಿಳಿದು, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಕೈಚೀಲ ಹೊತ್ತು ಹೋಗಬೇಕಾದರೆ ರೈಲ್ವೆಯವರೂ ಬಂದರಿನವರೂ ಕೂಡಿ ಮಾಡಿದ ಏರ್ಪಾಡು ಯಾವುದು?

ಗೋವಿನಕೋವಿಯಿಂದ ಒಂದು ಸಂಸಾರ ಹೊರಟಿತೆನ್ನಿ. ಗಂಡ, ಹೆಂಡತಿ, ಒಂದು ಮಗು, ಮೂರು ಗಂಟು. ನಮ್ಮೂರಿನ ಮಗ್ಗುಲಲ್ಲೇ ಹರಿಯುವ ತುಂಗಭದ್ರೆ ಹುಟ್ಟಿದ್ದು ಪಡುವಣ ಘಟ್ಟದಲ್ಲಾದರೂ ಸೇರುವುದು ಮೂಡಣ ಸಮುದ್ರವನ್ನು. ಹತ್ತಿರದ ಕಡಲಿಗೆ ನಾವು ಹೊಳೆಗೆ ಬೆನ್ನು ಮಾಡಿ ಘಟ್ಟ ಹತ್ತಿ ಇಳಿಯಬೇಕು. ಹೊನ್ನಾಳಿ, ನ್ಯಾಮತಿ ಎರಡಕ್ಕೂ ರೈಲಿಲ್ಲ. ಬಸ್ಸಿನಲ್ಲಿ ಹರಿಹರಕ್ಕೋ ದಾವಣಗೆರೆಗೋ ಹೋಗಿ, ವಿಜಯಪುರದಿಂದ ಮಂಗಳೂರಿಗೆ ಹೋಗುವ ಗಾಡಿ ಹಿಡಿದರೆ ಅರಸೀಕೆರೆ, ಹಾಸನ, ಸಕಲೇಶಪುರದ ಸುರಂಗಗಳನ್ನು ದಾಟಿ ಕರಾವಳಿ ಮುಟ್ಟಬಹುದು. ಇಷ್ಟು ದೂರವನ್ನು ಹೇಗೋ ನಿಭಾಯಿಸುತ್ತಾರೆ. ಗಂಟು ಸೀಟಿನ ಕೆಳಗೆ, ಮಗು ತೊಡೆಯ ಮೇಲೆ. ನಿಜವಾದ ಪಡಿಪಾಟಲು ಶುರುವಾಗುವುದು ನಿಲ್ದಾಣದ ಹೊರಗೆ ಕಾಲಿಟ್ಟ ಮೇಲೆ.

ಮಂಗಳೂರು ಸೆಂಟ್ರಲ್ ನಿಲ್ದಾಣ 1907ರದ್ದು. ಅಲ್ಲಿಂದ ಹಳೆಯ ಬಂದರು, ಅಂದರೆ ಜನ ಬಂದರ್ ಎಂದು ಕರೆಯುವ ಜಾಗ, ಎರಡು ಕಿಲೋಮೀಟರಿನೊಳಗೆ. ಹೊಸ ಬಂದರು ಪಣಂಬೂರಿನಲ್ಲಿ, ಊರಿನಿಂದ ಸುಮಾರು 10 ಕಿಲೋಮೀಟರ್ ಉತ್ತರಕ್ಕೆ. ಪಣಂಬೂರಿಗೆ ಹೋಗುವವನು ಗಂಟು ಹೊತ್ತು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ನಡೆಯಬೇಕು, ಸುರತ್ಕಲ್ ಕಡೆಯ ಸಿಟಿ ಬಸ್ಸು ಹತ್ತಬೇಕು. ಟ್ರಂಕು ಕಂಡ ಕಂಡಕ್ಟರ ಮುಖ ಸಿಂಡರಿಸುವುದು ಅವನ ತಪ್ಪಲ್ಲ. ನಿಂತವರ ಕಾಲಿಗೇ ಜಾಗವಿಲ್ಲದ ಬಸ್ಸಿನಲ್ಲಿ ಟ್ರಂಕಿಗೆ ಎಲ್ಲಿಂದ ಜಾಗ ತರುತ್ತಾನೆ? ಕೂಳೂರು ಸೇತುವೆ ದಾಟಿ ಹೆದ್ದಾರಿಯಲ್ಲಿ ಇಳಿಸಿದರೆ, ಲಾರಿಗಳ ನಡುವೆ ಗೇಟು ಹುಡುಕಿಕೊಂಡು ಹೋಗಬೇಕು. ಗೇಟಿನಿಂದ ಹಡಗುಕಟ್ಟೆಗೆ ಮತ್ತೆ ದೂರ. ಅಪ್ಪಣೆಯಿಲ್ಲದೆ ಅಲ್ಲಿ ನಡೆಯುವಂತಿಲ್ಲ. ಇದೆಲ್ಲ ಬೇಡವೆಂದರೆ ಆಟೋ ಇದೆ, ಟ್ಯಾಕ್ಸಿ ಇದೆ. ರೈಲಿನಲ್ಲಿ ನೂರಾರು ಕಿಲೋಮೀಟರ್ ಬಂದದ್ದಕ್ಕೆ ಕೊಟ್ಟ ಹಣವನ್ನು ಈ 10 ಕಿಲೋಮೀಟರಿಗೆ ಇನ್ನೊಮ್ಮೆ ಎಣಿಸಬೇಕು, ಅಷ್ಟೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಓಡಾಡುತ್ತಾರೆ. ಒಳ್ಳೆಯ ಕೆಲಸ, ಒಪ್ಪಿದ್ದೇವೆ. ಆದರೆ ಮಂಗಳೂರಿನ ಸಿಟಿ ಬಸ್ಸುಗಳು ಬಹುಪಾಲು ಖಾಸಗಿ ಧಣಿಗಳವು. ಗೋವಿನಕೋವಿಯ ತಾಯಿ ನಾಡಿನ ಉದ್ದಕ್ಕೂ ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಬಂದರೂ, ಗಂಟಿನ ಭಾರ ಹೆಚ್ಚು ತಟ್ಟುವ ಈ ಕೊನೆಯ ತುಂಡಿನಲ್ಲಿ ಸೆರಗಿನ ಗಂಟು ಬಿಚ್ಚಬೇಕು.

ಪಣಂಬೂರಿಗೆ ರೈಲು ಹಾಕುವುದು ಅಸಾಧ್ಯವೇನೋ, ನೆಲ ಸರಿಯಿಲ್ಲವೇನೋ ಎಂದು ಓದುಗರು ಭಾವಿಸಬಹುದು. ಇಲ್ಲ ಸ್ವಾಮಿ, ರೈಲು ಇದೆ! ಜೋಕಟ್ಟೆ ದಾಟಿ ಪಣಂಬೂರಿನ ಯಾರ್ಡಿಗೆ ಹಳಿ ಹಾಕಿ ಎಷ್ಟೋ ಕಾಲವಾಯಿತು. ಹಗಲಿರುಳೂ ಅಲ್ಲಿ ಗೂಡ್ಸ್ ಗಾಡಿಗಳು ಓಡಾಡುತ್ತವೆ. ಹೊರದೇಶದಿಂದ ಬಂದ ಕಲ್ಲಿದ್ದಲು ಆ ಹಳಿಯ ಮೇಲೆ ಪಡುಬಿದ್ರಿ ಕಡೆಯ ವಿದ್ಯುತ್ ಸ್ಥಾವರಕ್ಕೆ ಹೋಗುತ್ತದೆ. ಕಚ್ಚಾ ಎಣ್ಣೆ ಹಡಗಿನಿಂದ ಕೊಳವೆಯೊಳಗೆ ಇಳಿದು ನೇರವಾಗಿ ಎಂ.ಆರ್.ಪಿ.ಎಲ್. ಕಾರ್ಖಾನೆ ಸೇರುತ್ತದೆ. ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದ ಕಾಲದಲ್ಲಂತೂ, 2005ರ ಕೊನೆಯ ತನಕ, ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ, ಘಟ್ಟದಿಂದ ಪಣಂಬೂರಿನವರೆಗೆ 67 ಕಿಲೋಮೀಟರ್ ಕೊಳವೆಯಲ್ಲಿ ಹರಿಸಿದರು. ಅದಿರಿಗೆ ಆಯಾಸವಾಗಬಾರದೆಂದು ಅಷ್ಟು ಕಾಳಜಿ! ಮಣ್ಣಿಗೆ ಕೊಳವೆ, ಕಲ್ಲಿದ್ದಲಿಗೆ ವ್ಯಾಗನ್ನು, ಪ್ರವಾಸಿಗೆ ಹವಾನಿಯಂತ್ರಿತ ಬಸ್ಸು. ತೆರಿಗೆ ಕೊಟ್ಟ ಮನುಷ್ಯನಿಗೆ ಅವನದೇ ಹೆಗಲು.

ಹೊಸ ಬಂದರಾದರೂ ಯಾರ ಹಣ? 1974ರಲ್ಲಿ ಅದನ್ನು ದೇಶದ ದೊಡ್ಡ ಬಂದರುಗಳ ಪಟ್ಟಿಗೆ ಸೇರಿಸಿದರು, 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಕಟ್ಟಿದ್ದು ಸರ್ಕಾರದ ಖಜಾನೆಯಿಂದ. ಆ ಖಜಾನೆಗೆ ದಾವಣಗೆರೆಯ ಮಿಲ್ಲಿನ ಕೂಲಿಯವನೂ ಬೆಂಕಿಪೊಟ್ಟಣ ಕೊಳ್ಳುವಾಗ ತನ್ನ ಪಾಲು ಹಾಕಿದ್ದಾನೆ.

ರೈಲನ್ನು ಹಡಗಿನ ಬುಡಕ್ಕೇ ಒಯ್ಯುವುದು ನಮ್ಮ ದೇಶಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಮುಂಬಯಿಯ ಬಲ್ಲಾರ್ಡ್ ಪಿಯರ್‌ನಲ್ಲಿ ಬ್ರಿಟಿಷರು ಹಡಗುಕಟ್ಟೆಯ ಪಕ್ಕಕ್ಕೇ ನಿಲ್ದಾಣ ಕಟ್ಟಿದ್ದರು. ವಿಲಾಯತಿಯಿಂದ ಹಡಗಿನಲ್ಲಿ ಬಂದ ದೊರೆ ಇಳಿದರೆ ಎದುರಿಗೇ ಗಾಡಿ. 1928ರಲ್ಲಿ ಶುರುವಾದ ಫ್ರಾಂಟಿಯರ್ ಮೇಲ್ ಅವರನ್ನು ಪೆಶಾವರದ ತನಕ ಮುಟ್ಟಿಸುತ್ತಿತ್ತು. ದೊರೆಯ ಪೆಟ್ಟಿಗೆಗಳು ರಸ್ತೆಯ ಧೂಳನ್ನೇ ಕಾಣಲಿಲ್ಲ. 1944ರಲ್ಲಿ ಆ ನಿಲ್ದಾಣ ಮುಚ್ಚಿತು. ಸ್ವಾತಂತ್ರ್ಯ ಬಂದ ಮೇಲೆ ಅದನ್ನು ತೆರೆದು, ಈಗ ನಮ್ಮ ಜನ ಇಲ್ಲಿ ಇಳಿಯಲಿ ಎಂದು ಯಾರಿಗೂ ಅನ್ನಿಸಲಿಲ್ಲ. ಇವತ್ತು ಬಲ್ಲಾರ್ಡ್ ಪಿಯರ್‌ನಲ್ಲಿ ವಿಹಾರ ಹಡಗುಗಳಿಗೆ ಹೊಸ ಟರ್ಮಿನಲ್ ಎದ್ದಿದೆ. ಛತ್ರಪತಿ ಶಿವಾಜಿ ನಿಲ್ದಾಣ ಕೂಗಳತೆಯಲ್ಲೇ ಇದ್ದರೂ ಗಂಟಿನವನು ಟ್ಯಾಕ್ಸಿಯವನೊಡನೆ ಚೌಕಾಸಿ ಮಾಡಿಯೇ ಹೋಗಬೇಕು.

ದಕ್ಷಿಣದಲ್ಲಿ ಧನುಷ್ಕೋಡಿ ನೋಡಿ. 1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಬೋಟ್ ಮೇಲ್ ಎಂಬ ಗಾಡಿ ಧನುಷ್ಕೋಡಿಯ ಕಟ್ಟೆಗೇ ಹೋಗುತ್ತಿತ್ತು. ಇಳಿದು ನಾಲ್ಕು ಹೆಜ್ಜೆ ನಡೆದರೆ ಸಿಂಹಳದ ಹಡಗು. 1964ರ ಡಿಸೆಂಬರಿನ ಚಂಡಮಾರುತ ಆ ಊರನ್ನೇ ನುಂಗುವವರೆಗೂ ಹಾಗೆಯೇ ನಡೆಯಿತು. ಅಲ್ಲಿ ಬಡವರೂ ಹಡಗಿನ ಬಾಗಿಲಿಗೇ ರೈಲಿನಲ್ಲಿ ಹೋದರಲ್ಲ ಎನ್ನುತ್ತೀರಾ? ಹೋದರು. ಏಕೆಂದರೆ ಸಿಂಹಳದ ಟೀ ತೋಟದ ಧಣಿಗಳಿಗೆ ಕೂಲಿಗಳು ಬೇಕಾಗಿದ್ದರು. ಧಣಿಗೆ ಬೇಕಾದಾಗ ಕೂಲಿಯವನೂ ಸರಕು, ಸರಕಿಗೆ ಹಳಿ ಸಿಗುತ್ತದೆ. ಅವನು ತನ್ನ ಕೆಲಸಕ್ಕೆ, ತನ್ನ ದುಡ್ಡಿನಲ್ಲಿ, ತನ್ನ ಸಂಸಾರದೊಡನೆ ಹೊರಟಾಗ ಮಾತ್ರ ಹಳಿ ಎರಡು ಮೈಲಿ ಹಿಂದೆಯೇ ನಿಂತುಬಿಡುತ್ತದೆ.

ಕೊಚ್ಚಿಯಲ್ಲೂ ಇದೇ ಕಥೆ. ಬಂದರಿರುವ ವಿಲಿಂಗ್ಡನ್ ದ್ವೀಪಕ್ಕೆ 1943ರಲ್ಲೇ ಹಾರ್ಬರ್ ಟರ್ಮಿನಸ್ ಎಂಬ ನಿಲ್ದಾಣವಿತ್ತು. ಈ ಶತಮಾನದ ಆರಂಭದಲ್ಲಿ ಅಲ್ಲಿನ ಪ್ರಯಾಣಿಕರ ಗಾಡಿಗಳು ನಿಂತವು. ಈಗ ಲಕ್ಷದ್ವೀಪದ ಹಡಗಿಗೆ ಹೋಗುವವರು ಎರ್ನಾಕುಲಂನಲ್ಲಿ ಇಳಿದು ಸೇತುವೆ ದಾಟಿ ಆಟೋದಲ್ಲಿ ಹೋಗಬೇಕು.

ಇಷ್ಟು ಹೇಳಿದರೆ ಒಬ್ಬ ಮಹಾಶಯರು ಎದ್ದು ಕೇಳುತ್ತಾರೆ: ವಿಹಾರ ಹಡಗು ಏರುವವರು ಹಣವಂತರು, ಅವರಿಗೆ ಕಾರಿದೆ, ಮಿಲ್ಲಿನ ಕೂಲಿಯವನಿಗೂ ಕಿರಾಣಿ ಅಂಗಡಿಯವನಿಗೂ ಹಡಗುಕಟ್ಟೆಯಲ್ಲಿ ಏನು ಕೆಲಸ? ಬಡವನಿಗೆ ಕಡಲು ನೋಡುವ ಹಕ್ಕಿಲ್ಲವೆಂದು ಯಾವ ಕಾನೂನಿನಲ್ಲಿ ಬರೆದಿದೆಯೋ ಕಾಣೆ. ಆ ಮಾತು ಇರಲಿ. ಕೆಲಸದ ಮಾತನ್ನೇ ಆಡೋಣ. ಆ ಹಡಗಿನಲ್ಲಿ ಪಾತ್ರೆ ತೊಳೆಯುವವರು, ಹಾಸಿಗೆ ಹಾಸುವವರು, ಅಡಿಗೆ ಮಾಡುವವರು ಹಣವಂತರ ಮಕ್ಕಳೇ? ತಿಂಗಳುಗಟ್ಟಲೆ ದುಡಿಮೆಗೆ ಹೋಗುವ ಹುಡುಗ ತನ್ನ ಇಡೀ ಮನೆಯನ್ನು ಒಂದು ಸೂಟ್‌ಕೇಸಿನಲ್ಲಿ ತುಂಬಿಕೊಂಡಿರುತ್ತಾನೆ. ಇನ್ನು ಹಳೆಯ ಬಂದರಿಗೆ 2024ರ ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ ‘ಪರಳಿ’ ಎಂಬ ವೇಗದ ಹಡಗು 160 ಮಂದಿಯನ್ನು ಸುಮಾರು 7 ತಾಸಿನಲ್ಲಿ ತಂದಿಳಿಸಿತು. ದ್ವೀಪದ ಜನ ಮಂಗಳೂರಿಗೆ ಬರುವುದು ಮೋಜಿಗಲ್ಲ; ಆಸ್ಪತ್ರೆಗೆ, ಓದಿಗೆ, ಸಾಮಾನಿಗೆ. ಕಾಯಿಲೆಯವರನ್ನು ಕರೆದುಕೊಂಡು, ಗಂಟು ಹೊತ್ತು, ಬಂದರಿನ ಇಕ್ಕಟ್ಟಿನ ಓಣಿಗಳಲ್ಲಿ ಲಾರಿಗಳ ನಡುವೆ ದಾರಿ ಮಾಡಿಕೊಂಡು ಹೋಗುವವರು ಅವರು. ಆ ಓಣಿಗಳಲ್ಲಿ ವ್ಯಾಪಾರ ಮಾಡುವ ಸಣ್ಣ ಅಂಗಡಿಯವರಿಗೂ ಇದರ ಲಾಭನಷ್ಟ ಗೊತ್ತು. ಗಿರಾಕಿ ನಡೆದು ಬರುವ ದಾರಿ ಸುಗಮವಾದರೆ ವ್ಯಾಪಾರವೂ ನಡೆಯುತ್ತದೆ.

ಮೇಷ್ಟ್ರಾಗಿದ್ದ ಕಾಲದ ಲೆಕ್ಕದ ಚಟ ನನಗೆ ಇನ್ನೂ ಬಿಟ್ಟಿಲ್ಲ. ಒಂದು ಲೆಕ್ಕ ಕೊಡುತ್ತೇನೆ. ರೈಲಿನಲ್ಲಿ ಹವಾನಿಯಂತ್ರಿತ ಮೊದಲ ದರ್ಜೆಯವನು 70 ಕಿಲೋ ಸಾಮಾನನ್ನು ಬಾಡಿಗೆಯಿಲ್ಲದೆ ಒಯ್ಯಬಹುದು. ಸ್ಲೀಪರಿನವನಿಗೆ 40. ಎರಡನೆಯ ದರ್ಜೆಯವನಿಗೆ 35. ನಾಲ್ಕು ದಿನದ ಪ್ರವಾಸಕ್ಕೆ ಹೋಗುವವನಿಗೆ 70 ಕಿಲೋ. ಊರು ಬಿಟ್ಟು ಹೊಟ್ಟೆಪಾಡಿಗೆ ಪಾತ್ರೆ ಪಡಗ ಸಮೇತ ಹೊರಟವನಿಗೆ ಅದರ ಸರಿಯಾಗಿ ಅರ್ಧ. ಮೂರನೆಯ ದರ್ಜೆ ಎಂಬ ಹೆಸರನ್ನು 1974ರಲ್ಲಿ ಅಳಿಸಿದರು. ಹೆಸರು ಹೋಯಿತು, ತಕ್ಕಡಿ ಉಳಿಯಿತು.

ಹೆಸರು ಬದಲಿಸುವುದರಲ್ಲಿ ನಮ್ಮ ದೊರೆಗಳು ಬಹಳ ಚುರುಕು. ಕೆಂಪಂಗಿ ತೊಟ್ಟು, ತೋಳಿಗೆ ಬಿಲ್ಲೆ ಕಟ್ಟಿ ಸಾಮಾನು ಹೊರುವ ನಮ್ಮ ಅಣ್ಣಂದಿರನ್ನು 2016ರ ರೈಲ್ವೆ ಬಜೆಟ್ಟಿನಲ್ಲಿ ‘ಸಹಾಯಕ’ ಎಂದು ಕರೆದರು. ಕೂಲಿ ಎಂಬ ಮಾತು ಹೋದದ್ದು ಸಂತೋಷವೇ. ಆದರೆ ಸಹಾಯಕನಿಗೆ ಸಂಬಳ? ಇಲ್ಲ. ಅವನು ರೈಲ್ವೆಯ ನೌಕರನೇ ಅಲ್ಲ, ಲೈಸೆನ್ಸಿನವನು. ಅವನ ಲೈಸೆನ್ಸು ನಿಲ್ದಾಣದ ಗೇಟಿಗೆ ಮುಗಿಯುತ್ತದೆ. ಗೇಟಿನಾಚೆ ಆಟೋದವನ ರಾಜ್ಯ, ಬಂದರಿನ ಗೇಟಿನಲ್ಲಿ ಮತ್ತೊಬ್ಬರ ರಾಜ್ಯ. ಒಂದೇ ಟ್ರಂಕಿಗೆ ಮೂರು ಗಡಿ, ಮೂರು ಚೌಕಾಸಿ. ಹೊರುವವರು ಪ್ರಯಾಣಿಕನನ್ನು ಸುಲಿಯುತ್ತಾರೆಂದು ಪ್ರಯಾಣಿಕ, ಪ್ರಯಾಣಿಕ ಜಿಪುಣನೆಂದು ಹೊರುವವರು ಜಗಳವಾಡುತ್ತಾರೆ. ಇಬ್ಬರೂ ಬಡವರು. ಗಾಲಿ ಕಟ್ಟಿದ ಸೂಟ್‌ಕೇಸು ಬಂದ ಮೇಲೆ ಹೊರುವವರ ಸಂಪಾದನೆಗೂ ಕುತ್ತು ಬಂದಿದೆ. ಆ ಗಾಲಿಯಾದರೂ ಉರುಳುವುದು ಪ್ಲಾಟ್‌ಫಾರಂ ಮೇಲೆಯೇ ಹೊರತು ನಮ್ಮ ರಸ್ತೆಯ ಹೊಂಡಗಳಲ್ಲಲ್ಲ.

ಮುಂಬಯಿಯ ಛತ್ರಪತಿ ಶಿವಾಜಿ ನಿಲ್ದಾಣದ ಮಗ್ಗುಲಿನಿಂದ ಹಡಗುಕಟ್ಟೆಗಳ ಉದ್ದಕ್ಕೂ ಹೋಗುವ ರಸ್ತೆಗೆ ಪಿ. ಡಿಮೆಲ್ಲೊ ಅವರ ಹೆಸರಿದೆ. ಅವರು ಗೋದಿ ಕಾರ್ಮಿಕರ ಸಂಘ ಕಟ್ಟಿದವರು, ಕರಾವಳಿಯಿಂದ ಹೋದವರು. 1949ರಲ್ಲಿ ಮಂಗಳೂರಿನಿಂದ ಮುಂಬಯಿಗೆ ಬರಿಗೈಯಲ್ಲಿ ಹೋದ ಜಾರ್ಜ್ ಫರ್ನಾಂಡಿಸರು ಸಂಘದ ಕೆಲಸ ಕಲಿತದ್ದು ಅವರ ಜೊತೆಯಲ್ಲೇ. ಮುಂದೆ ಟ್ಯಾಕ್ಸಿಯವರನ್ನು ಸಂಘಟಿಸಿದರು, 1974ರ ಮೇ ತಿಂಗಳಲ್ಲಿ ಇಡೀ ದೇಶದ ರೈಲು ಮುಷ್ಕರ ನಡೆಸಿದರು, 1989ರಲ್ಲಿ ತಾವೇ ರೈಲ್ವೆ ಮಂತ್ರಿಯಾದರು. ಅವರ ಕಾಲದಲ್ಲೇ ಕೊಂಕಣ ರೈಲ್ವೆ ನಿಗಮ ಹುಟ್ಟಿ, 1998ರಲ್ಲಿ ಗಾಡಿ ಮುಂಬಯಿಯಿಂದ ಮಂಗಳೂರಿನ ತನಕ ಓಡಿತು. ರೈಲು, ಗೋದಿ, ಟ್ಯಾಕ್ಸಿ, ಮೂರನ್ನೂ ಬಲ್ಲ ಆ ಮನುಷ್ಯನ ಊರಿನಲ್ಲೇ ಈ ಮೂರೂ ಒಂದಕ್ಕೊಂದು ಮುಖ ತಿರುಗಿಸಿ ನಿಂತಿವೆ.

ನಾವು ಕೇಳುವುದು ದೊಡ್ಡದೇನಲ್ಲ. ಸೆಂಟ್ರಲ್ ಮತ್ತು ಜಂಕ್ಷನ್ ನಿಲ್ದಾಣಗಳಿಂದ ಹಳೆಯ ಬಂದರಿಗೂ ಪಣಂಬೂರಿಗೂ ಸರ್ಕಾರಿ ಬಸ್ಸು ಬೇಕು, ಸಾಮಾನಿಗೆ ಜಾಗ ಬಿಟ್ಟ ಬಸ್ಸು, ಗಾಡಿಯ ವೇಳೆಗೂ ಹಡಗಿನ ವೇಳೆಗೂ ಹೊಂದುವ ಬಸ್ಸು. ಸಾರಿಗೆ ನಿಗಮದ ದೂರದ ಬಸ್ಸುಗಳಲ್ಲಿ 30 ಕಿಲೋ ಬಾಡಿಗೆಯಿಲ್ಲದೆ ಒಯ್ಯಬಹುದಾದರೆ ಇಲ್ಲೇಕೆ ಬೇಡ? ಪಣಂಬೂರಿನ ಗೂಡ್ಸ್ ಹಳಿಯ ಮೇಲೆ ನಾಲ್ಕು ಡಬ್ಬಿಯ ಪ್ರಯಾಣಿಕರ ಗಾಡಿ ಓಡಲಿ. ವಿಹಾರ ಹಡಗು ಋತುವಿಗೆ ಕೆಲವೇ ಸಲ ಬರುತ್ತದೆ, ಗಾಡಿ ಖಾಲಿ ಓಡುತ್ತದೆ ಎನ್ನುವವರು ಒಂದು ಮುಂಜಾನೆ ಕೂಳೂರು ಸೇತುವೆಯ ಮೇಲೆ ನಿಂತು ನೋಡಲಿ. ಬಂದರಿಗೆ, ಗೊಬ್ಬರದ ಕಾರ್ಖಾನೆಗೆ, ಎಣ್ಣೆ ಕಾರ್ಖಾನೆಗೆ ಹೋಗುವ ಕೆಲಸಗಾರರು ಬಸ್ಸಿನ ಬಾಗಿಲಿಗೆ ಜೋತು ಹೋಗುತ್ತಾರೆ. ನಾಲ್ಕು ಡಬ್ಬಿಯನ್ನು ಅವರೇ ತುಂಬುತ್ತಾರೆ, ಹಡಗಿನವನು ಮೂಲೆಯಲ್ಲಿ ಟ್ರಂಕಿಟ್ಟು ಕೂರುತ್ತಾನೆ. ಬಂದರಿನ ಗೇಟಿನಲ್ಲಿ ಸಾಮಾನಿಡಲು ಒಂದು ಕೊಠಡಿ, ಕುಳಿತುಕೊಳ್ಳಲು ನೆರಳು, ಕುಡಿಯಲು ನೀರು ಬೇಕು. ಹೊರುವವರಿಗೆ ಗೊತ್ತಾದ ದರದ ಫಲಕ ಹಾಕಬೇಕು. ಬೆನ್ನು ಬಾಗಿದ ಮೇಲೆ ಪಿಂಚಣಿ ಕೊಡಬೇಕು.

ಅರ್ಜಿ ಎಲ್ಲಿಗೆ ಹಾಕಬೇಕು ಎಂದರೆ ಅಲ್ಲಿಯೂ ಒಂದು ತಮಾಷೆಯಿದೆ. ಹರಿಹರ, ದಾವಣಗೆರೆಯ ಹಳಿ ಮೈಸೂರು ವಿಭಾಗದ್ದು, ಅದರ ಯಜಮಾನಿಕೆ ಹುಬ್ಬಳ್ಳಿಯಲ್ಲಿ. ಮಂಗಳೂರಿನ ಎರಡೂ ನಿಲ್ದಾಣಗಳು ಕೇರಳದ ಪಾಲಕ್ಕಾಡ್ ವಿಭಾಗಕ್ಕೆ. ತೋಕೂರಿನಿಂದಾಚೆ ಕೊಂಕಣ ರೈಲ್ವೆ, ಅದರ ಕಚೇರಿ ನವಿ ಮುಂಬಯಿಯಲ್ಲಿ. ಹೊಸ ಬಂದರು ಕೇಂದ್ರದ್ದು, ಹಳೆಯ ಬಂದರು ರಾಜ್ಯದ್ದು, ಸಿಟಿ ಬಸ್ಸಿನ ಪರವಾನಗಿ ಸಾರಿಗೆ ಪ್ರಾಧಿಕಾರದ್ದು. ಆರು ಬಾಗಿಲು. ಒಂದು ಬಾಗಿಲಿಗೆ ಹೋದರೆ ಉಳಿದ ಐದನ್ನು ತೋರಿಸುತ್ತಾರೆ. ಆದ್ದರಿಂದ ಹೊನ್ನಾಳಿ, ನ್ಯಾಮತಿಯ ಸಂಗಾತಿಗಳು ಒಂದೇ ಮನವಿಗೆ ಆರು ಪ್ರತಿ ಮಾಡಿ, ಆರೂ ಕಡೆಗೆ ಒಂದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. ಅಂಚೆಯ ರಸೀದಿಗಳನ್ನು ಎತ್ತಿಡಿ. ಉತ್ತರ ಕೊಡದವರ ಹೆಸರನ್ನು ಈ ಪತ್ರಿಕೆಯಲ್ಲಿ ವಾರವಾರವೂ ಅಚ್ಚು ಹಾಕುತ್ತೇವೆ.