ರೋಗ ಕಳೆಯಿತು, ಶುಕ್ರ್ ಕಳೆಯದಿರಲಿ



ಕಾಯಿಲೆ ಬಿದ್ದಾಗ ಅಲ್ಲಾಹನನ್ನು ನೆನೆಯದವರು ಯಾರಿದ್ದಾರೆ? ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವಳ ನಾಲಿಗೆಗೆ ದುಆ ತಾನಾಗಿಯೇ ಬರುತ್ತದೆ. ಮನೆಮಂದಿ ತಹಜ್ಜುದ್‌ಗೆ ಏಳುತ್ತಾರೆ, ಕೈಲಾದಷ್ಟು ಸದಕಾ ಕೊಡುತ್ತಾರೆ. ಆದರೆ ರೋಗ ವಾಸಿಯಾಗಿ ಐದು ವರ್ಷ, ಹತ್ತು ವರ್ಷ ಸಂದ ಮೇಲೆ? ಸಂಕಟ ಬಂದಾಗ ಮಲಗಿ, ಕುಳಿತು, ನಿಂತು ಕರೆಯುವ ಮನುಷ್ಯನು ಅದು ನೀಗಿದ ಕೂಡಲೇ ಎಂದೂ ಕರೆದೇ ಇರಲಿಲ್ಲವೆಂಬಂತೆ ನಡೆದುಬಿಡುವ ಬಗ್ಗೆ ಪವಿತ್ರ ಕುರ್‌ಆನಿನ ಯೂನುಸ್ ಅಧ್ಯಾಯ ಎಚ್ಚರಿಸುತ್ತದೆ. ಆ ಎಚ್ಚರಿಕೆ ರೋಗಿಗಿಂತ ಹೆಚ್ಚಾಗಿ ಗುಣವಾದವರಿಗೆ ಅನ್ವಯಿಸುತ್ತದೆ.

ಈ ತಿಂಗಳು ಕ್ಯಾನ್ಸರ್‌ನಿಂದ ಗುಣಮುಖರಾಗಿ ಬಹಳ ವರ್ಷ ಬಾಳಿರುವ ಸಹೋದರಿಯರ ಕುರಿತು ಮಾತಾಡೋಣ. ಕುಂದಗೋಳದಲ್ಲೋ, ಕಲಘಟಗಿಯಲ್ಲೋ, ಅಣ್ಣಿಗೇರಿಯಲ್ಲೋ ನಿಮ್ಮದೇ ಓಣಿಯಲ್ಲಿ ಅಂಥವರೊಬ್ಬರು ಇದ್ದಾರು. ಅದು ನೀವೇ ಆಗಿರಲೂಬಹುದು.

ಶುಕ್ರ್‌ಗೆ ಮೂರು ಸ್ಥಾನಗಳಿವೆ ಎಂದು ವಿದ್ವಾಂಸರು ಹೇಳುತ್ತಾರೆ: ಹೃದಯ, ನಾಲಿಗೆ ಮತ್ತು ದೇಹದ ಅಂಗಾಂಗಗಳು. ನಾವು ಸಾಮಾನ್ಯವಾಗಿ "ಅಲ್‌ಹಮ್ದುಲಿಲ್ಲಾಹ್" ಎಂದಷ್ಟೇ ಹೇಳಿ ಮೂರರ ಲೆಕ್ಕವನ್ನೂ ಮುಗಿಸಿಬಿಡುತ್ತೇವೆ.

ಹೃದಯದ ಶುಕ್ರ್

ತಪಾಸಣೆಯ ದಿನ ಹತ್ತಿರ ಬಂದಂತೆ ಎದೆ ಡವಗುಟ್ಟುತ್ತದೆ. ಸಣ್ಣ ಬೆನ್ನುನೋವು ಬಂದರೂ "ಮತ್ತೆ ಬಂತೇನೋ" ಎಂಬ ಅಂಜಿಕೆ. ಆಗ ಸುತ್ತಲಿನವರು "ಇಷ್ಟು ವರ್ಷ ಆದ ಮೇಲೂ ಅಂಜತೀಯಾ, ಈಮಾನ್ ಇಲ್ಲವೇ?" ಎಂದು ಕೇಳುವುದುಂಟು. ಸಹೋದರಿಯರೇ, ಅಂಜಿಕೆ ಈಮಾನಿನ ಕೊರತೆಯಲ್ಲ. ಸಹನೆಗೆ ಮಾದರಿಯಾದ ಪ್ರವಾದಿ ಅಯ್ಯೂಬ್(ಅ)ರೂ ತಮಗೆ ಸಂಕಟ ತಟ್ಟಿದೆಯೆಂದು ಅಲ್ಲಾಹನಲ್ಲಿ ಹೇಳಿಕೊಂಡರು. ಅವನ ಮುಂದೆ ನೋವು ತೋಡಿಕೊಳ್ಳುವುದು ಸಬ್ರ್‌ಗೆ ವಿರುದ್ಧವಲ್ಲ. ನೋವೇ ಇಲ್ಲವೆಂದು ನಟಿಸುವುದು ಶುಕ್ರ್ ಕೂಡ ಅಲ್ಲ.

ಇನ್ನೊಂದು ಮಾತು. ಜೊತೆಯಲ್ಲಿ ಚಿಕಿತ್ಸೆ ಪಡೆದವಳು ತೀರಿಕೊಂಡಳು, ನಾನು ಉಳಿದೆ, ಯಾಕೆ? ಈ ಪ್ರಶ್ನೆ ಹಲವರನ್ನು ಕಾಡುತ್ತದೆ. ನಿಮ್ಮ ದುಆ ಹೆಚ್ಚು, ಅವಳದು ಕಡಿಮೆ ಎಂದಲ್ಲ. ಆಯುಷ್ಯ ಅಲ್ಲಾಹನ ಕೈಯಲ್ಲಿದೆ. ಹೋದವಳು ಅವನಿಗೆ ಪ್ರಿಯಳಲ್ಲವೆಂದು ಹೇಳಲು ನಾವು ಯಾರು? ಉಳಿದ ಬದುಕು ನಮ್ಮ ಯೋಗ್ಯತೆಗೆ ಸಿಕ್ಕ ಬಹುಮಾನವಲ್ಲ, ಅದೊಂದು ಅಮಾನತ್. ಅಮಾನತ್ತಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ.

ದೇಹದ ಶುಕ್ರ್

ಔಷಧೋಪಚಾರ ಮಾಡಿಕೊಳ್ಳಿರೆಂದು ಪ್ರವಾದಿ(ಸ) ಹೇಳಿದ್ದಾರೆ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಕಲಿಸಿದ್ದಾರೆ. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆಯಿಡು ಎಂಬ ಅವರ ಬೋಧನೆಯನ್ನು ಕೇಳದವರಿಲ್ಲ. ಹೀಗಿರುವಾಗ "ಅಲ್ಲಾಹ್ ಇದ್ದಾನೆ" ಎಂದು ತಪಾಸಣೆ ಬಿಡುವುದು ತವಕ್ಕುಲ್ ಹೇಗಾದೀತು?

ಐದು ವರ್ಷ ದಾಟಿದರೆ ಎಲ್ಲ ಮುಗಿಯಿತೆಂದು ಬಹಳ ಮಂದಿ ತಿಳಿದಿದ್ದಾರೆ. ಸ್ತನ ಕ್ಯಾನ್ಸರಿನ ಕೆಲವು ಬಗೆಗಳು ಹತ್ತು ವರ್ಷದ ಅನಂತರವೂ ಮರಳುವುದುಂಟು. ಆದ್ದರಿಂದ ವೈದ್ಯರು ಸೂಚಿಸಿದಂತೆ ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್ ಮಾಡಿಸಬೇಕು. ಟಾಮೊಕ್ಸಿಫೆನ್‌ನಂಥ ಮಾತ್ರೆಗಳನ್ನು 5ರಿಂದ 10 ವರ್ಷ ದಿನವೂ ನುಂಗಬೇಕಾಗುತ್ತದೆ. ಆರಾಮ ಅನಿಸಿತೆಂದು ನಡುವೆ ನಿಲ್ಲಿಸಬಾರದು. ಆ ಮಾತ್ರೆ ತೆಗೆದುಕೊಳ್ಳುವವರಿಗೆ ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ ತಡಮಾಡದೆ ವೈದ್ಯರಿಗೆ ಹೇಳಬೇಕು. ರಮಝಾನಿನಲ್ಲಿ ದಿನಕ್ಕೊಂದೇ ಮಾತ್ರೆಯಾದರೆ ಸಹರಿ ಅಥವಾ ಇಫ್ತಾರ್ ಹೊತ್ತಿಗೆ ತೆಗೆದುಕೊಳ್ಳಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಉಪವಾಸ ಕೂಡದೆಂದು ವೈದ್ಯರು ಹೇಳಿದರೆ ರೋಗಿಗೆ ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸಂತೋಷದಿಂದ ಸ್ವೀಕರಿಸಿ.

ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಬದಿಯ ಕೈ ವರ್ಷಗಳ ಅನಂತರವೂ ಬಾತುಕೊಳ್ಳಬಹುದು. ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿದೆ. ಗುಡಾರು, ಜಾನಮಾಜ್‌ಗಳನ್ನೂ ಅವರು ನೇಯುತ್ತಾರೆ. ಮಗ್ಗದ ಮುಂದೆ ಕುಳಿತು ಪಂಜಾದಿಂದ ನೂಲನ್ನು ಬಡಿಯುವ ಸಹೋದರಿಗೆ ಅಥವಾ ಎರೆಹೊಲದಲ್ಲಿ ಹತ್ತಿ ಬಿಡಿಸುವವಳಿಗೆ ಕೈಯೇ ಅನ್ನ. ಕೆಲಸ ಬಿಡಬೇಕೆಂದಿಲ್ಲ, ಹದವಾದ ಚಲನೆ ಕೈಗೆ ಒಳ್ಳೆಯದೇ. ಆದರೆ ಮುಳ್ಳು ಚುಚ್ಚದಂತೆ, ಒಲೆಯಲ್ಲಿ ಸುಡದಂತೆ ನೋಡಿಕೊಳ್ಳಿ. ಬಿಗಿ ಬಳೆ ಬೇಡ. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ.

ಖರ್ಚಿನ ಅಂಜಿಕೆಯೂ ಸಣ್ಣದಲ್ಲ. ಬೆಂಗಳೂರಿನಲ್ಲಿ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಕ್ಯಾನ್ಸರ್ ಸಂಸ್ಥೆ 1973ರಲ್ಲಿ ಆರಂಭವಾಯಿತು. ನಮ್ಮ ಭಾಗದವರಿಗೆ ಹುಬ್ಬಳ್ಳಿಯ ನವನಗರದಲ್ಲೇ ಕ್ಯಾನ್ಸರ್ ಆಸ್ಪತ್ರೆಯಿದೆ. ನಾಲ್ಕೂ ತಾಲ್ಲೂಕುಗಳಿಂದ ಹುಬ್ಬಳ್ಳಿಗೆ ನೇರ ಬಸ್ಸುಗಳಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆಯ ನೆರವಿದೆ. ಬಯಾಪ್ಸಿ ವರದಿ, ಡಿಸ್ಚಾರ್ಜ್ ಚೀಟಿಗಳ ಫೈಲನ್ನು ಮಾತ್ರ ಒಡವೆಯಂತೆ ಜೋಪಾನ ಮಾಡಿ.

ನಾಲಿಗೆಯ ಶುಕ್ರ್

ಮೂರರಲ್ಲಿ ನಮಗೆ ಅತ್ಯಂತ ಕಠಿಣವಾದದ್ದು ಇದೇ. ನಮ್ಮ ಹಳ್ಳಿಗಳಲ್ಲಿ ಕ್ಯಾನ್ಸರ್ ಎಂಬ ಹೆಸರನ್ನೂ ಹೇಳದೆ "ಆ ಬ್ಯಾನಿ" ಎನ್ನುತ್ತಾರೆ. ಗುಣವಾದವಳು ಹತ್ತು ವರ್ಷ ಬದುಕಿದರೂ ಅಕ್ಕಪಕ್ಕದವರಿಗೆ ತಿಳಿಸುವುದಿಲ್ಲ. ಕೇಳಿದರೆ "ಮಗಳ ನಿಕಾಹ್ ಆಗಬೇಕಲ್ಲ" ಎಂಬ ಉತ್ತರ. ತಾಯಿಯ ಈ ಚಿಂತೆಯನ್ನು ತಳ್ಳಿಹಾಕುವಂತಿಲ್ಲ. ಸಂಬಂಧ ನೋಡಲು ಬಂದವರು ಕಾಯಿಲೆಯ ಸುದ್ದಿ ಕೇಳಿ ಹಿಂದೆ ಸರಿಯುವುದು ನಮ್ಮ ಸಮುದಾಯದ ತಪ್ಪು, ಆ ತಾಯಿಯದಲ್ಲ. ಸ್ತನ ಕ್ಯಾನ್ಸರ್ ಅಂಟುರೋಗವಲ್ಲ. ನೂರರಲ್ಲಿ ಸುಮಾರು 5ರಿಂದ 10 ಮಂದಿಗೆ ಮಾತ್ರ ಅದು ವಂಶವಾಹಿಯಿಂದ ಬಂದಿರುತ್ತದೆ. ಗಂಡುಮಕ್ಕಳ ತಾಯಂದಿರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ.

ಆದರೆ ಈ ಮೌನದ ಬೆಲೆ ತೆರುವವರು ಯಾರೆಂದು ಯೋಚಿಸಿದ್ದೀರಾ? ಪಕ್ಕದ ಮನೆಯಲ್ಲೇ ಒಬ್ಬಳು ಎದೆಯ ಗಂಟನ್ನು ಸೆರಗಿನಡಿ ಮುಚ್ಚಿಟ್ಟುಕೊಂಡಿರಬಹುದು. ಮೊದಲ ಹಂತದ ಗಂಟು ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲದ್ದಕ್ಕೆ ಆಸ್ಪತ್ರೆ ಯಾಕೆಂದು ಸುಮ್ಮನಿರುತ್ತಾಳೆ. ಆ ಬ್ಯಾನಿ ಬಂದವರು ಉಳಿಯುವುದಿಲ್ಲವೆಂದು ಅವಳು ನಂಬಿದ್ದಾಳೆ, ಏಕೆಂದರೆ ತೀರಿಹೋದವರ ಸುದ್ದಿ ಮಾತ್ರ ಅವಳ ಕಿವಿಗೆ ಬಿದ್ದಿದೆ. ಉಳಿದವಳು ಗೋಡೆಯಾಚೆಗೇ ಇದ್ದರೂ ಅವಳಿಗೆ ಗೊತ್ತಿಲ್ಲ.

ಊರೆಲ್ಲ ಸಾರಬೇಕಾಗಿಲ್ಲ. ಕನ್ನಡದಲ್ಲಿ ಬಿ.ವಿ. ಭಾರತಿಯವರು ತಮ್ಮ ಕ್ಯಾನ್ಸರ್ ಅನುಭವವನ್ನು 'ಸಾಸಿವೆ ತಂದವಳು' ಎಂಬ ಪುಸ್ತಕವಾಗಿ ಬರೆದರು. ಪುಸ್ತಕ ಬರೆಯುವುದು ಎಲ್ಲರಿಂದ ಆಗದು. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಒಬ್ಬಳಿಗೆ ಹೇಳುವುದು ಆದೀತಲ್ಲವೇ? "ಬಾ ಬೇಟಿ, ನನಗೂ ಆಗಿತ್ತು, ಹತ್ತು ವರ್ಷಾತು, ಆರಾಮ ಅದೀನಿ. ನಾಳೆ ಹುಬ್ಬಳ್ಳಿಗೆ ನಾ ಜೋಡಿ ಬರ್ತೀನಿ" ಎಂದು ಹೇಳುವ ಒಬ್ಬ ಖಾಲಾ ಇದ್ದರೆ ಅವಳ ಅರ್ಧ ಭಯ ಅಲ್ಲೇ ಇಳಿಯುತ್ತದೆ. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮವಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಯುತ್ತದೆ. ರೋಗಿಯನ್ನು ಸಂದರ್ಶಿಸುವುದು ದೊಡ್ಡ ಪುಣ್ಯ ಕಾರ್ಯ. ಆ ದಾರಿಯಲ್ಲಿ ನಡೆದು ಬಂದವಳೇ ಸಂದರ್ಶಿಸಿದರೆ ಅದು ಔಷಧಿಯ ಜೊತೆಗೆ ಇನ್ನೊಂದು ಔಷಧಿ.

ಪಾಪಗಳು ಕ್ಷಮಿಸಲ್ಪಟ್ಟಿದ್ದರೂ ಕಾಲು ಬಾತುಕೊಳ್ಳುವಷ್ಟು ಹೊತ್ತು ನಮಾಝ್‌ನಲ್ಲಿ ನಿಲ್ಲುವುದೇಕೆಂದು ಕೇಳಿದಾಗ, ತಾನು ಕೃತಜ್ಞ ದಾಸನಾಗಬಾರದೇ ಎಂದು ಪ್ರವಾದಿ(ಸ) ಮರುಪ್ರಶ್ನಿಸಿದ್ದರು. ಭಯ ಕಳೆದ ಮೇಲಿನ ಆರಾಧನೆಯ ಸೊಗಸು ಅದು. ನಿಮಗೆ ಮರಳಿ ಸಿಕ್ಕ ವರ್ಷಗಳಲ್ಲಿ ಒಂದು ದಿನವನ್ನು ಇನ್ನೊಬ್ಬಳಿಗಾಗಿ ಬಸ್ಸು ಹತ್ತಲು ಎತ್ತಿಡುವಿರಾ?

ಗುಣವಾದವರಿಗೆ ಅಲ್ಲಾಹನು ಆರೋಗ್ಯವನ್ನೂ, ಇನ್ನೂ ಹಾಸಿಗೆಯಲ್ಲಿರುವವರಿಗೆ ಶಿಫಾವನ್ನೂ, ನಮ್ಮೆಲ್ಲರಿಗೆ ಒಬ್ಬರ ಕೈ ಒಬ್ಬರು ಹಿಡಿಯುವ ಮನಸ್ಸನ್ನೂ ಕರುಣಿಸಲಿ. ಆಮೀನ್.