ಗುಂಡ್ಲುಪೇಟೆಯ ರಸ್ತೆಯೂ ಹೈಸ್ಕೂಲಿನ ಪ್ರಬಂಧವೂ

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪ್ರಬಂಧ ಬರೆಯಲು ಹೇಗೆ ಕಲಿಸಲಾಗುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಪರಿಸರ ಮಾಲಿನ್ಯ, ಗ್ರಂಥಾಲಯಗಳ ಮಹತ್ವ, ರಾಷ್ಟ್ರೀಯ ಹಬ್ಬಗಳು: ಇವುಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಆದ್ದರಿಂದ ವಿದ್ಯಾರ್ಥಿ ಯಾರನ್ನೂ ಒಪ್ಪಿಸಬೇಕಾಗಿಲ್ಲ. ಗೈಡಿನಲ್ಲಿರುವುದನ್ನು ಬಾಯಿಪಾಠ ಮಾಡಿದರೆ ಸಾಕು. ನಮ್ಮ ಚರ್ಚುಗಳಲ್ಲಿ ನಡೆಸುವ ಪ್ರಬಂಧ ಸ್ಪರ್ಧೆಗಳೂ ಇದಕ್ಕಿಂತ ಹೆಚ್ಚು ಬೇರೆಯಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಒಂದು ಅಭಿಪ್ರಾಯವನ್ನು ಇಟ್ಟುಕೊಂಡು ವಾದಿಸುವುದನ್ನು ಕಲಿಸಬೇಕಾದರೆ ಜನ ನಿಜವಾಗಿಯೂ ಭಿನ್ನವಾಗಿ ಯೋಚಿಸುವ ವಿಷಯ ಬೇಕು. ಘಟ್ಟದ ಮೇಲಿನ ಚಾಮರಾಜನಗರ ಜಿಲ್ಲೆಯಲ್ಲಿ ಅಂಥ ವಿಷಯ ಶಾಲೆಯ ಸಮೀಪದಲ್ಲೇ ಇದೆ. ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ (ಹಿಂದೆ 212, ಈಗ 766) ಬಂಡೀಪುರ ಕಾಡಿನ ನಡುವೆ ಹಾದುಹೋಗುತ್ತದೆ. ವಾಹನಗಳಡಿ ಸಿಕ್ಕಿ ವನ್ಯಪ್ರಾಣಿಗಳು ಸಾಯುತ್ತಿದ್ದುದರಿಂದ ಅಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಲಾಯಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿವಾದ ಸುಪ್ರೀಂ ಕೋರ್ಟಿಗೂ ಹೋಯಿತು. 2019ರಲ್ಲಿ ನಿಷೇಧದ ವಿರುದ್ಧ ವಯನಾಡಿನಲ್ಲಿ ಉಪವಾಸ ಸತ್ಯಾಗ್ರಹ ನಡೆಯಿತು.

ಈಗ ಗುಂಡ್ಲುಪೇಟೆಯ ಒಬ್ಬ ಹುಡುಗಿಗೆ 'ನಿಷೇಧ ಇರಬೇಕೇ, ಬೇಡವೇ?' ಎಂದು ಕೇಳಿದರೆ ಗೈಡ್ ಸಹಾಯಕ್ಕೆ ಬರುವುದಿಲ್ಲ. ಅವಳ ತಂದೆ ಕೇರಳಕ್ಕೆ ತರಕಾರಿ ಕಳುಹಿಸುವವರಾಗಿರಬಹುದು. ನೆರೆಯವರ ಹೊಲಕ್ಕೆ ಆನೆ ನುಗ್ಗಿರಬಹುದು. 'ರಾತ್ರಿ ರೋಗಿಗಳನ್ನು ಸಾಗಿಸಲಾಗುವುದಿಲ್ಲ' ಎಂದು ಅವಳು ಬರೆದರೆ ಅಧ್ಯಾಪಕರು ಅಲ್ಲಿಯೇ ತಡೆದು, ಅದು ಹೌದೇ ಎಂದು ವಿಚಾರಿಸಲು ಹೇಳಬೇಕು. ಆಂಬುಲೆನ್ಸ್‌ಗಳಿಗೂ ಕೆಲವು ಸರಕಾರಿ ಬಸ್ಸುಗಳಿಗೂ ವಿನಾಯಿತಿ ಇದೆ ಎಂದು ಗೊತ್ತಾದಾಗ ಆ ಸಾಲನ್ನು ಹೊಡೆದುಹಾಕಬೇಕಾಗುತ್ತದೆ. ಅದೇ ರೀತಿ, ನಿಷೇಧದ ಪರ ಬರೆಯುವ ಹುಡುಗ ಕುಟ್ಟ, ಮಾನಂದವಾಡಿ ಮೂಲಕ ಸುತ್ತಿ ಹೋಗುವ ಲಾರಿಯವನ ಖರ್ಚಿಗೆ ಉತ್ತರ ಹೇಳಲೇಬೇಕು. ಎದುರಾಳಿಯ ಅತ್ಯಂತ ಗಟ್ಟಿಯಾದ ಮಾತನ್ನು ನ್ಯಾಯವಾಗಿ ಬರೆದ ಮೇಲೆಯೇ ತನ್ನ ಮಾತು. ಈ ಒಂದು ಅಭ್ಯಾಸಕ್ಕೆ ಎರಡು ಪೀರಿಯಡ್ ಹೋದರೂ ನಷ್ಟವಿಲ್ಲ.

ಚಾಮರಾಜನಗರ ಪಟ್ಟಣಕ್ಕೂ ತನ್ನದೇ ವಿಷಯವಿದೆ. ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂಬ ನಂಬಿಕೆ ಬಹು ಕಾಲ ಇತ್ತು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಹಲವು ಬಾರಿ ಹೋಗಿ, ಐದು ವರ್ಷ ಪೂರೈಸಿದರು. 'ಆದರೆ 2018ರಲ್ಲಿ ಸೋತರಲ್ಲ!' ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿಯೇ ಕೇಳುತ್ತಾನೆ. ಕೇಳಲಿ. ಅಲ್ಲಿಗೆ ಹೋಗದೆಯೂ ಕುರ್ಚಿ ಕಳೆದುಕೊಂಡವರು ಎಷ್ಟು ಮಂದಿ ಎಂದು ಅವನೇ ಲೆಕ್ಕ ಹಾಕಲಿ.

ಅಡ್ಡಿಗಳು ಇಲ್ಲದಿಲ್ಲ. ಪಾಠ ಮುಗಿಸುವ ಅವಸರ, ಅರುವತ್ತು ಉತ್ತರಗಳನ್ನು ತಿದ್ದುವ ಹೊರೆ, ಊರಿನ ಪ್ರಮುಖರಿಗೆ ಬೇಸರವಾದೀತೆಂಬ ಅಂಜಿಕೆ. ಮೂರನೆಯದೇ ದೊಡ್ಡದು ಎಂದು ನಮಗನ್ನಿಸುತ್ತದೆ. ಅಧ್ಯಾಪಕರು ಯಾವ ಪಕ್ಷವನ್ನೂ ಹಿಡಿಯದೆ ವಾದಕ್ಕೆ ಮಾತ್ರ ಅಂಕ ಕೊಟ್ಟರೆ ಅದು ಸ್ವಲ್ಪ ಕಡಿಮೆಯಾದೀತು. ವಿದ್ಯಾರ್ಥಿ ತನ್ನದಲ್ಲದ ಪಕ್ಷವನ್ನೂ ಒಮ್ಮೆ ಬರೆಯುವಂತೆ ಮಾಡಬಹುದು.

ನಮ್ಮ ಕರಾವಳಿಯ ಚರ್ಚುಗಳಲ್ಲಿ ಮುಂದಿನ ಪ್ರಬಂಧ ಸ್ಪರ್ಧೆಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವನ್ನೇ ವಿಷಯವಾಗಿ ಕೊಡಬಹುದಲ್ಲ? ನಾಡದೋಣಿಯವರ ಮಕ್ಕಳೂ ಬೋಟಿನವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಬರೆಯುತ್ತಾರೆ.