ಬಾಡಿಗೆ ಇಳಿಸಿ ಎಂದು ಕೇಳಿದಾಗ

‘ಬಾಡಿಗೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಸಾರ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಅನೇಕ ಮಾಲೀಕರ ಹುಬ್ಬು ಗಂಟಿಕ್ಕುತ್ತದೆ. ‘ಕಷ್ಟವಾದರೆ ಖಾಲಿ ಮಾಡಿ’ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಕೇಳಿದವರು ಊರಿನಿಂದ ಓದಲು ಬಂದ ಹುಡುಗರಾದರಂತೂ ಉತ್ತರ ಇನ್ನಷ್ಟು ಖಾರ. ಪರೀಕ್ಷೆ ಎದುರಿಗಿರುವಾಗ ರೂಮು ಹುಡುಕಿಕೊಂಡು ಅಲೆಯುವ ಪಾಡು ಹುಡುಗರದು. ಆದರೆ ನಷ್ಟ ಅವರೊಬ್ಬರದೇ ಅಲ್ಲ.

ಲೆಕ್ಕ ಹಾಕಿ ನೋಡಬಹುದು. ತಿಂಗಳಿಗೆ 8,000 ರೂಪಾಯಿಯ ರೂಮು. ಆರು ತಿಂಗಳ ಮಟ್ಟಿಗೆ 1,000 ಇಳಿಸಿದರೆ ಮಾಲೀಕರಿಗೆ ಕಡಿಮೆಯಾಗುವುದು 6,000. ಹುಡುಗರು ಬಿಟ್ಟುಹೋಗಿ ರೂಮು ಒಂದೇ ತಿಂಗಳು ಖಾಲಿ ಬಿದ್ದರೂ 8,000 ಹೋಯಿತು. ಬೆಂಗಳೂರಿನ ಹಳೆಯ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಪಡೆದಿದ್ದರೆ ಸುಣ್ಣಬಣ್ಣಕ್ಕೆ ಮುರಿದುಕೊಂಡು ಉಳಿದದ್ದನ್ನು ಒಮ್ಮೆಲೇ ಹಿಂದಿರುಗಿಸಬೇಕು. ಹೊಸಬರು ಹೇಗಿರುತ್ತಾರೋ ಗೊತ್ತಿಲ್ಲ.

ಬಾಡಿಗೆ ಇಳಿಸಲೇಬೇಕೆಂದು ಸಾಮಾನ್ಯವಾಗಿ ಕಾನೂನು ಹೇಳುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ರೂಪುಗೊಂಡಾಗಲೇ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯನ್ನು ಹೊರಗಿಟ್ಟಿತು. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 29ರಂದು, ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಆದೇಶ ಒಂದು ತಿಂಗಳು ಬಾಡಿಗೆ ಕೇಳಬಾರದೆಂದದ್ದು ಕಾರ್ಮಿಕರ ವಿಷಯದಲ್ಲಿ. ವಿದ್ಯಾರ್ಥಿಗಳನ್ನು ಬಲವಂತವಾಗಿ ಹೊರಹಾಕಿದರೆ ಕ್ರಮ ಎಂದಿತೇ ಹೊರತು ಅವರ ಬಾಡಿಗೆಯನ್ನು ಮನ್ನಾ ಮಾಡಲಿಲ್ಲ. ಕಾಲೇಜು ಮುಚ್ಚಿ, ಟ್ರಂಕು ಹಾಸಿಗೆ ರೂಮಿನಲ್ಲೇ ಬಿಟ್ಟು ಊರು ಸೇರಿದ್ದ ಹುಡುಗರ ಬಾಡಿಗೆ ಇತ್ಯರ್ಥವಾಗಬೇಕಾದದ್ದು ಮಾತುಕತೆಯಿಂದಲೇ.

ಹಾಗಾದರೆ ಮಾಲೀಕರು ಮಾಡಬೇಕಾದದ್ದೇನು? ಮೊದಲು ಕಾರಣ ಕೇಳಬೇಕು. ಮಳೆ ಕೈಕೊಟ್ಟು ತಂದೆಯ ಬೆಳೆ ಹೋಗಿರಬಹುದು, ವಿದ್ಯಾರ್ಥಿವೇತನ ತಡವಾಗಿರಬಹುದು, ಜೊತೆಗಿದ್ದ ಗೆಳೆಯ ಬಿಟ್ಟುಹೋಗಿ ಇಬ್ಬರ ಬಾಡಿಗೆ ಒಬ್ಬನ ತಲೆಗೆ ಬಂದಿರಬಹುದು. ಕಾರಣಕ್ಕೆ ತಕ್ಕ ಪರಿಹಾರ ಇರುತ್ತದೆ. ಹಣ ತಡವಾಗುವುದಾದರೆ ಗಡುವು ಸಾಕು, ಇಳಿಸಬೇಕಿಲ್ಲ. ಗೆಳೆಯ ಬಿಟ್ಟಿದ್ದರೆ ಇನ್ನೊಬ್ಬನನ್ನು ಸೇರಿಸಿಕೊಳ್ಳಲು ಒಪ್ಪಬಹುದು. ಮನೆಯ ಆದಾಯವೇ ಕುಸಿದಿದ್ದರೆ ಕೆಲವು ತಿಂಗಳು ಇಳಿಸಬಹುದು, ಇಲ್ಲವೇ ಒಂದಷ್ಟನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಬಹುದು. ಆದರೆ ಅಡ್ವಾನ್ಸನ್ನು ಪೂರ್ತಿ ಕರಗಿಸಬಾರದು. ಕರೆಂಟು ಬಿಲ್ಲಿಗೂ ದುರಸ್ತಿಗೂ ಎರಡು ತಿಂಗಳಷ್ಟಾದರೂ ಉಳಿಯಬೇಕು.

ಒಪ್ಪಿದ್ದನ್ನು ಬರೆದಿಡುವುದು ಮುಖ್ಯ. ಎಷ್ಟು ಇಳಿಸಿದ್ದು, ಯಾವ ತಿಂಗಳವರೆಗೆ, ಆಮೇಲೆ ಹಳೆಯ ಬಾಡಿಗೆಯೇ ಎಂಬ ನಾಲ್ಕು ಸಾಲು, ಇಬ್ಬರ ಸಹಿ. ಇದಿಲ್ಲದಿದ್ದರೆ ಇಂದಿನ ಉಪಕಾರವೇ ನಾಳಿನ ಜಗಳ. ಇಳಿಸಲು ಆಗದಿದ್ದರೆ ‘ಆಗದು’ ಎಂದು ಅಂದೇ ಹೇಳುವುದು ಲೇಸು. ‘ನೋಡೋಣ’ ಎಂದು ತಿಂಗಳುಗಟ್ಟಲೆ ಎಳೆದರೆ ಬೇರೆ ರೂಮು ಹುಡುಕುವ ಸಮಯವೂ ಕೈತಪ್ಪುತ್ತದೆ. ಪೆನ್ಷನ್ ಇಲ್ಲದೆ ಬಾಡಿಗೆಯನ್ನೇ ನಂಬಿ ಬದುಕುವ ವೃದ್ಧ ಮಾಲೀಕರೂ ಇದ್ದಾರೆ. ಅವರ ‘ಆಗದು’ ಎಂಬುದರಲ್ಲಿ ಕಲ್ಲು ಮನಸ್ಸನ್ನು ಕಾಣಬೇಕಾಗಿಲ್ಲ.

ಕೇಳುವವರಿಗೂ ಕ್ರಮವಿದೆ. ಎರಡು ತಿಂಗಳು ಬಾಕಿ ಉಳಿಸಿ, ಫೋನು ಎತ್ತದೆ, ಕೊನೆಗೆ ‘ಇಳಿಸಿ’ ಎಂದರೆ ಯಾರೂ ಕರಗುವುದಿಲ್ಲ. ಕಷ್ಟ ಕಂಡ ಕೂಡಲೇ ತಿಳಿಸಬೇಕು. ತಂದೆಯೋ ತಾಯಿಯೋ ಒಮ್ಮೆ ಮಾಲೀಕರೊಡನೆ ನೇರವಾಗಿ ಮಾತನಾಡಿದರೆ ಅರ್ಧ ಅನುಮಾನ ಕರಗುತ್ತದೆ. ಅಲ್ಲಿಯವರೆಗೆ ತಪ್ಪದೆ ಕೊಟ್ಟ ಬಾಡಿಗೆಯ ರಸೀದಿಗಳೇ ಹುಡುಗರ ಪರವಾದ ದೊಡ್ಡ ಸಾಕ್ಷಿ.

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಮಾಲೀಕರಿಗೂ ಬಾಡಿಗೆದಾರರಿಗೂ ಸಮನಾಗಿ ಸಲ್ಲುತ್ತದೆ. ಸಾವಿರ ರೂಪಾಯಿಯ ಮಾತು ಕೆಟ್ಟು ಒಬ್ಬ ವಿದ್ಯಾರ್ಥಿಯ ವರ್ಷ ಹಾಳಾದರೆ ಅದನ್ನು ಯಾವ ಅಡ್ವಾನ್ಸಿನಲ್ಲೂ ಮುರಿದುಕೊಳ್ಳಲಾಗದು.